ಚೀಟಿ ಎತ್ತಿದವರು ಯಾರು?

ಓದುಗರ ಪ್ರಶ್ನೆಗಳಿಗೆ ಕಲಬುರಗಿಯ ನಿವೃತ್ತ ಮನಶ್ಶಾಸ್ತ್ರ ಉಪನ್ಯಾಸಕಿಯ ಉತ್ತರ

ಕಳೆದ ಸಂಚಿಕೆಯಲ್ಲಿ, ‘ಪ್ರಯೋಗದಿಂದ ಸಾಬೀತಾಗಿದೆ’ ಎಂದು ಯಾರಾದರೂ ಹೇಳಿದರೆ ಯಾವ ಬಗೆಯ ಪ್ರಯೋಗ ಎಂದು ತಿರುಗಿ ಕೇಳಿ ಎಂದು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಕೆಲವು ಬೈಗುಳ, ಹಲವು ಪ್ರಶ್ನೆ. ಬೈಗುಳ ತಮ್ಮಷ್ಟಕ್ಕೆ ಸ್ಪಷ್ಟವಾಗಿವೆ. ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಮೇಡಂ, ನಾನು ಬಿ.ಎ. ಎರಡನೆಯ ವರ್ಷದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದೇನೆ. ಪ್ರಯೋಗಾಲಯ ಪ್ರಯೋಗ, ಕ್ಷೇತ್ರ ಪ್ರಯೋಗ, ಸಹಜ ಪ್ರಯೋಗ, ಅರೆ ಪ್ರಯೋಗ ಈ ನಾಲ್ಕರ ವ್ಯಾಖ್ಯೆಯೂ ಬಾಯಿಪಾಠವಿದೆ. ಆದರೆ ಪರೀಕ್ಷೆಯಲ್ಲಿ ಒಂದು ಸಂದರ್ಭ ಕೊಟ್ಟು ‘ಇದು ಯಾವ ಬಗೆ’ ಎಂದು ಕೇಳಿದರೆ ಗಾಬರಿಯಾಗುತ್ತದೆ. ಗುರುತಿಸುವುದು ಹೇಗೆ? ನಮ್ಮ ಕಾಲೇಜಿನ ಪ್ರಾಕ್ಟಿಕಲ್‌ಗಳು ಇವುಗಳಲ್ಲಿ ಯಾವ ಬಗೆಗೆ ಸೇರುತ್ತವೆ?
– ವಿದ್ಯಾರ್ಥಿನಿ, ಹುಮನಾಬಾದ್

ತಂಗಿ, ವ್ಯಾಖ್ಯೆಗಳನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಸಂದರ್ಭವನ್ನು ಓದಿದ ಕೂಡಲೇ ಎರಡು ವಿಷಯ ಹುಡುಕಿ. ಯಾರು ಯಾವ ಗುಂಪಿಗೆ ಹೋಗಬೇಕೆಂದು ಚೀಟಿ ಎತ್ತಿದವರು ಯಾರು? ಆಮೇಲೆ ಕೆಲಸ ನಡೆದದ್ದು ಎಲ್ಲಿ, ಸಂಶೋಧಕರು ಸಜ್ಜುಗೊಳಿಸಿದ ಕೋಣೆಯಲ್ಲೋ, ಜನ ತಮ್ಮ ಪಾಡಿಗೆ ಓಡಾಡುವ ಜಾಗದಲ್ಲೋ?

ಚೀಟಿ ಎತ್ತಿದವರೂ ಸಂಶೋಧಕರು, ಕೋಣೆಯೂ ಅವರದೇ ಆದರೆ ಅದು ಪ್ರಯೋಗಾಲಯ ಪ್ರಯೋಗ. ನಿಮ್ಮ ಪಠ್ಯದಲ್ಲಿ ಆಲ್ಬರ್ಟ್ ಬಂಡೂರ ಅವರ ಬೊಂಬೆಯ ಪ್ರಯೋಗ ಇದ್ದೇ ಇರುತ್ತದೆ. ಅವರು ಮತ್ತು ಸಂಗಡಿಗರು 1961ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದ 72 ಮಕ್ಕಳಿದ್ದರು. ದೊಡ್ಡವರೊಬ್ಬರು ಗಾಳಿ ತುಂಬಿದ ಬೊಂಬೆಯನ್ನು ಗುದ್ದಿ, ಮರದ ಸುತ್ತಿಗೆಯಿಂದ ಬಡಿಯುವುದನ್ನು 24 ಮಕ್ಕಳಿಗೆ ತೋರಿಸಿದರು. ಇನ್ನು 24 ಮಕ್ಕಳಿಗೆ ಬೊಂಬೆಯ ಗೊಡವೆಗೇ ಹೋಗದೆ ಸುಮ್ಮನೆ ಆಟಿಕೆ ಜೋಡಿಸುವವರನ್ನು ತೋರಿಸಿದರು. ಉಳಿದ 24 ಮಕ್ಕಳಿಗೆ ಯಾರನ್ನೂ ತೋರಿಸಲಿಲ್ಲ. ಬಡಿಯುವುದನ್ನು ಕಂಡ ಮಕ್ಕಳು ಆಮೇಲೆ ತಾವೂ ಹೆಚ್ಚು ಬಡಿದರು, ಕಂಡ ರೀತಿಯಲ್ಲೇ ಬಡಿದರು. ಏನನ್ನು ತೋರಿಸಿದರು ಎಂಬುದು ಇಲ್ಲಿ ಸ್ವತಂತ್ರ ಚರ, ಅಂದರೆ ಸಂಶೋಧಕರು ತಾವೇ ಬದಲಾಯಿಸಿದ್ದು. ಮಕ್ಕಳು ಎಷ್ಟು ಬಡಿದರು ಎಂಬುದು ಅವಲಂಬಿತ ಚರ, ಅಂದರೆ ಆಮೇಲೆ ಅಳೆದದ್ದು. ಈ ಎರಡು ಹೆಸರನ್ನು ಅದಲುಬದಲು ಮಾಡಿ ಅಂಕ ಕಳೆದುಕೊಂಡವರನ್ನು ನಾನು ಉತ್ತರಪತ್ರಿಕೆಗಳಲ್ಲಿ ಬೇಕಾದಷ್ಟು ನೋಡಿದ್ದೇನೆ.

ಮಕ್ಕಳನ್ನು ಹಂಚಿದ ರೀತಿಯೇ ಇಲ್ಲಿ ಮುಖ್ಯ. ಯಾವ ಮಗು ಮೊದಲಿನಿಂದಲೇ ಎಷ್ಟು ಹೊಡೆದಾಡುತ್ತದೆ ಎಂದು ಶಿಕ್ಷಕಿಯ ನೆರವಿನಿಂದ ಅಳೆದು, ಸರಿಸಮನಾದವರನ್ನು ಜೊತೆ ಮಾಡಿ, ಅನಂತರ ಗುಂಪುಗಳಿಗೆ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ, ಹಂಚಿದರು. ಹಾಗೆ ಮಾಡದೆ ಬಂದವರನ್ನು ಬಂದ ಹಾಗೆ ಕೂರಿಸಿದ್ದರೆ, ತುಂಟ ಮಕ್ಕಳೆಲ್ಲ ಒಂದೇ ಗುಂಪಿಗೆ ಸೇರಿಬಿಟ್ಟಿದ್ದವೇನೋ ಎಂಬ ಅನುಮಾನ ಉಳಿಯುತ್ತಿತ್ತು. ಅನುಮಾನ ಇನ್ನೊಂದು ಕಡೆ ಉಳಿದಿದೆ. ಬಡಿಯಲೆಂದೇ ತಯಾರಾದ ಬೊಂಬೆಯನ್ನು ಬಡಿದ ಮಗು ಮನೆಗೆ ಹೋಗಿ ತಮ್ಮನನ್ನೂ ಬಡಿಯುತ್ತದೆಯೇ? ಕೋಣೆಯೊಳಗಿನ ಪ್ರಯೋಗ ಅದನ್ನು ಹೇಳಲಾರದು.

ಚೀಟಿ ಸಂಶೋಧಕರದು, ಜಾಗ ಮಾತ್ರ ಊರಿನದು ಎಂದಾದರೆ ಅದು ಕ್ಷೇತ್ರ ಪ್ರಯೋಗ. ನನಗೆ ಬಹಳ ಇಷ್ಟವಾದದ್ದು ನ್ಯೂಯಾರ್ಕ್‌ನ ಸುರಂಗ ರೈಲಿನಲ್ಲಿ ನಡೆದು 1969ರಲ್ಲಿ ಪ್ರಕಟವಾದ ಪಿಲಿಯಾವಿನ್ ದಂಪತಿ ಮತ್ತು ಜುಡಿತ್ ರೋಡಿನ್ ಅವರ ಅಧ್ಯಯನ. ಓಡುವ ರೈಲಿನಲ್ಲಿ ಒಬ್ಬ ಯುವಕ ಕುಸಿದು ಬೀಳುತ್ತಾನೆ. ಕೆಲವು ಸಲ ಅವನ ಕೈಯಲ್ಲಿ ಊರುಗೋಲು, ಕೆಲವು ಸಲ ಮೈಯೆಲ್ಲ ಹೆಂಡದ ವಾಸನೆ, ಕೈಯಲ್ಲಿ ಕಾಗದ ಸುತ್ತಿದ ಬಾಟಲಿ. ಒಟ್ಟು 103 ಸಲ ಈ ನಾಟಕ ನಡೆಯಿತು. ಊರುಗೋಲಿನವನು ಬಿದ್ದ 65 ಸಲಗಳಲ್ಲಿ 62 ಸಲ ಪ್ರಯಾಣಿಕರು ತಾವಾಗಿಯೇ ಎದ್ದು ಬಂದರು. ಕುಡುಕನಿಗೆ 38ರಲ್ಲಿ 19 ಸಲ ಮಾತ್ರ ಆ ಭಾಗ್ಯ. ಲೆಕ್ಕ ನೋಡಿದಿರಾ? 65 ಮತ್ತು 38, ಸಮನಾಗಿಲ್ಲ. ಒಂದು ತಂಡದ ಹುಡುಗನಿಗೆ ಕುಡುಕನ ಪಾತ್ರ ಹಿಡಿಸಲಿಲ್ಲ, ಹೇಳಿದ್ದನ್ನು ಮೀರಿ ಊರುಗೋಲು ಹಿಡಿದೇ ಬಿದ್ದ. ಕೋಣೆಯಿಂದ ಹೊರಗೆ ಬಂದ ಪ್ರಯೋಗಕ್ಕೆ ಇಂಥ ತೊಂದರೆಗಳು ತಪ್ಪಿದ್ದಲ್ಲ. ಇದನ್ನೇ ಹುಮನಾಬಾದಿನಿಂದ ಕಲಬುರಗಿಗೆ ಬರುವ ಬಸ್ಸಿನಲ್ಲಿ ಮಾಡಿದರೆ ಏನಾಗುತ್ತದೆ ಎಂದು ತರಗತಿಯಲ್ಲಿ ಕೇಳುತ್ತಿದ್ದೆ. ನೀರು ಕುಡಿಸುತ್ತಲೇ ಊರು ಯಾವುದು, ಯಾರ ಮನೆಯವನು, ಯಾರ ಅಳಿಯ ಎಂದು ವಿಚಾರಿಸಿ, ಕಮಲಾಪುರ ಬರುವುದರೊಳಗೆ ನಟನ ಬಣ್ಣ ಬಯಲು ಮಾಡುತ್ತಾರೆ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಉತ್ತರಿಸಿದ. ಅವನಿಗೆ ಕ್ಷೇತ್ರ ಪ್ರಯೋಗದ ಮಿತಿ ಅರ್ಥವಾಗಿತ್ತು.

ಚೀಟಿ ಎತ್ತಿದವರು ಸಂಶೋಧಕರಲ್ಲ, ಸರ್ಕಾರವೋ ಕಂಪನಿಯೋ ಪ್ರಕೃತಿಯೋ ತನ್ನ ಕಾರಣಕ್ಕೆ ಏನೋ ಬದಲಾಯಿಸಿತು, ಸಂಶೋಧಕರು ಹೋಗಿ ಅಳೆದರು. ಅದು ಸಹಜ ಪ್ರಯೋಗ. ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪಕ್ಕೆ ಟಿವಿ ಬಂದದ್ದು 1995ರಲ್ಲಿ. ಟೋನಿ ಚಾರ್ಲ್‌ಟನ್ ಮತ್ತು ಸಂಗಡಿಗರು ಅದಕ್ಕೆ ಮುಂಚೆಯೂ ನಂತರವೂ ಅಲ್ಲಿನ ಮಕ್ಕಳ ನಡವಳಿಕೆಯನ್ನು ನೋಡಿದರು. ಟಿವಿ ಬಂದದ್ದರಿಂದ ಮಕ್ಕಳು ಕೆಟ್ಟರು ಎನ್ನುವಂಥದ್ದೇನೂ ಕಾಣಲಿಲ್ಲ. ಕೆನಡಾದ ಒಂದು ಪಟ್ಟಣಕ್ಕೆ 1973ರಲ್ಲಿ ಟಿವಿ ಬಂದಾಗ ಟ್ಯಾನಿಸ್ ವಿಲಿಯಮ್ಸ್ ಅವರ ತಂಡ ಇಂಥದ್ದೇ ಅಧ್ಯಯನ ಮಾಡಿತ್ತು. ಅಲ್ಲಿ ಎರಡು ವರ್ಷಗಳಲ್ಲಿ ಮಕ್ಕಳ ಜಗಳಗಂಟತನ ಹೆಚ್ಚಾಗಿತ್ತು. ಎರಡೂ ಸಹಜ ಪ್ರಯೋಗ, ಉತ್ತರ ಮಾತ್ರ ಬೇರೆ. ದ್ವೀಪದಲ್ಲಿ ಎಲ್ಲರಿಗೂ ಎಲ್ಲರ ಮಕ್ಕಳೂ ಗೊತ್ತು, ಯಾರಾದರೂ ಗದರಿಸುತ್ತಾರೆ. ಟಿವಿಯೊಂದೇ ಬದಲಾಗಿ ಮಿಕ್ಕದ್ದೆಲ್ಲ ಒಂದೇ ರೀತಿ ಇರುವಂತೆ ಮಾಡುವ ಶಕ್ತಿ ಸಂಶೋಧಕರಿಗೆ ಇರಲಿಲ್ಲ.

ಇನ್ನು ಚೀಟಿಯನ್ನು ಯಾರೂ ಎತ್ತಲೇ ಇಲ್ಲ, ಗುಂಪುಗಳು ಮೊದಲೇ ಇದ್ದವು ಎಂದಾದರೆ ಅದು ಅರೆ ಪ್ರಯೋಗ. ಗಂಡು–ಹೆಣ್ಣು, ಹಿರಿಯರು–ಕಿರಿಯರು, ಎ ವಿಭಾಗ–ಬಿ ವಿಭಾಗ. ಇದರ ಬಗ್ಗೆ ಮುಂದಿನ ಪತ್ರದಲ್ಲಿ ವಿವರವಾಗಿ ಬರೆಯುತ್ತೇನೆ, ಅದನ್ನೂ ಓದಿ.

ನಿಮ್ಮ ಪ್ರಾಕ್ಟಿಕಲ್‌ಗಳ ವಿಷಯ. ನಮ್ಮ ರಾಜ್ಯದಲ್ಲಿ ಈ ವಿಷಯದ ಪ್ರಯೋಗಾಲಯಕ್ಕೆ ನೂರು ವರ್ಷದ ಇತಿಹಾಸವಿದೆ. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ ಅವರು 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. (1935ರಲ್ಲಿ ಮನೆಯಿಂದಲೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರ ಶುರು ಮಾಡಿದವರೂ ಇವರೇ. ಈಗಿನ ಪ್ರಾಧ್ಯಾಪಕರಿಗೆ ಹಾಜರಿ ಪುಸ್ತಕ ತುಂಬಿಸುವುದರಲ್ಲೇ ದಿನ ಮುಗಿಯುತ್ತದೆ.) ಈಗ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರ ಬಿಡಿಸುವ ನಿಮ್ಮ ಪ್ರಾಕ್ಟಿಕಲ್ ನೋಡಿ. ಎಡಗೈಯಿಂದ ಒಮ್ಮೆ ಬಿಡಿಸಿ, ಬಲಗೈಯಿಂದ ಹಲವು ಬಾರಿ ಅಭ್ಯಾಸ ಮಾಡಿ, ಮತ್ತೆ ಎಡಗೈಗೆ ಬರುತ್ತೀರಿ. ತಪ್ಪು ಕಡಿಮೆಯಾಗಿರುತ್ತದೆ. ‘ಬಲಗೈಯ ಕಲಿಕೆ ಎಡಗೈಗೆ ವರ್ಗಾವಣೆಯಾಯಿತು’ ಎಂದು ರೆಕಾರ್ಡಿನಲ್ಲಿ ಬರೆಯುತ್ತೀರಿ. ಮೊದಲ ಸಲ ಎಡಗೈಯಿಂದಲೇ ಬಿಡಿಸಿದ ಅಭ್ಯಾಸ ಅದಕ್ಕೆ ಕಾರಣವಲ್ಲ ಎಂದು ಹೇಗೆ ಗೊತ್ತು? ಬಲಗೈಯ ಅಭ್ಯಾಸವನ್ನು ಬಿಟ್ಟು ಅಷ್ಟು ಹೊತ್ತು ಸುಮ್ಮನೆ ಕೂತ ಇನ್ನೊಂದು ಗುಂಪು, ಅಂದರೆ ನಿಯಂತ್ರಿತ ಗುಂಪು ಬೇಕು. ಅದಿಲ್ಲದೆ ಒಬ್ಬಳೇ ಗೆಳತಿಯ ಮೇಲೆ ಮಾಡಿದ್ದು ಪ್ರಾತ್ಯಕ್ಷಿಕೆ, ಪ್ರಯೋಗವಲ್ಲ. ತರಗತಿಯನ್ನು ಎರಡು ಪಾಲು ಮಾಡಿ ಚೀಟಿ ಎತ್ತಿಸಿ ಎಂದು ನಿಮ್ಮ ಮೇಡಂ ಅವರನ್ನು ಕೇಳಿ. ಪರಿಕರ ಅದೇ, ಖರ್ಚು ಒಂದು ಹಾಳೆ.

ಮೇಡಂ ಅವರಿಗೆ ಶರಣು. ನಾನು ಪ್ರೌಢಶಾಲೆಯ ನಿವೃತ್ತ ಮುಖ್ಯಗುರು. ನಿವೃತ್ತಿಯ ಕೊನೆಯ ವರ್ಷ ಒಂಬತ್ತನೆಯ ತರಗತಿಯ ‘ಬಿ’ ವಿಭಾಗದ ಮಕ್ಕಳಿಗೆ ದಿನಾ ಮುಂಜಾನೆ ಹತ್ತು ನಿಮಿಷ ಧ್ಯಾನ ಮಾಡಿಸಿದೆ. ‘ಎ’ ವಿಭಾಗಕ್ಕೆ ಮಾಡಿಸಲಿಲ್ಲ. ಅರ್ಧವಾರ್ಷಿಕಕ್ಕಿಂತ ವಾರ್ಷಿಕ ಪರೀಕ್ಷೆಯಲ್ಲಿ ‘ಬಿ’ ವಿಭಾಗದ ಅಂಕಗಳು ಚೆನ್ನಾಗಿ ಏರಿದವು. ಇದನ್ನು ‘ಧ್ಯಾನದಿಂದ ಅಂಕ ಹೆಚ್ಚಳ: ಪ್ರಯೋಗದಿಂದ ಸಿದ್ಧ’ ಎಂದು ಲೇಖನ ಬರೆಯಬಹುದೇ?
– ನಿವೃತ್ತ ಶಿಕ್ಷಕರು, ಶಹಾಪುರ

ಗುರುಗಳೇ, ಶರಣು. ಲೇಖನ ಬರೆಯಿರಿ, ಆ ತಲೆಬರಹ ಬೇಡ.

ನೀವು ಮಾಡಿದ್ದು ಅರೆ ಪ್ರಯೋಗ. ಮಕ್ಕಳನ್ನು ಎ ಮತ್ತು ಬಿ ಎಂದು ವಿಂಗಡಿಸಿದವರು ನೀವಲ್ಲ, ಈ ಪ್ರಯೋಗಕ್ಕಾಗಿಯೂ ಅಲ್ಲ. ಅನೇಕ ಶಾಲೆಗಳಲ್ಲಿ ಹಿಂದಿನ ವರ್ಷದ ಅಂಕ ನೋಡಿ ಹಂಚುತ್ತಾರೆ, ಕೆಲವೆಡೆ ಕನ್ನಡ–ಇಂಗ್ಲಿಷ್ ಮಾಧ್ಯಮ ನೋಡಿ, ಕೆಲವೆಡೆ ಸೇರಿದ ತಾರೀಖು ನೋಡಿ. ಆ ವ್ಯತ್ಯಾಸವೆಲ್ಲ ಧ್ಯಾನದ ಲೆಕ್ಕಕ್ಕೆ ಬಂದು ಕೂರುತ್ತದೆ. ‘ಬಿ’ ವಿಭಾಗ ಅರ್ಧವಾರ್ಷಿಕದಲ್ಲಿ ತೀರ ಕೆಳಗಿತ್ತು ಎಂದೇ ನೀವು ಅದನ್ನು ಆರಿಸಿಕೊಂಡಿದ್ದರೆ ಇನ್ನೊಂದು ತೊಡಕು. ತೀರ ಕೆಳಗಿದ್ದವರು ಮುಂದಿನ ಸಲ ಏನೂ ಮಾಡದಿದ್ದರೂ ಸ್ವಲ್ಪ ಮೇಲಕ್ಕೆ ಬರುವುದುಂಟು. ಅರ್ಧವಾರ್ಷಿಕದ ದಿನ ಜ್ವರವಿದ್ದ ಮಗುವಿಗೆ ವಾರ್ಷಿಕದ ದಿನ ಜ್ವರವಿರುವುದಿಲ್ಲ, ಅಷ್ಟೇ.

ಮೂರನೆಯ ಸಂಗತಿ ಸೂಕ್ಷ್ಮವಾದದ್ದು, ನಿಮಗೆ ಬೇಸರವಾಗಬಾರದು. ಮುಖ್ಯಗುರುಗಳೇ ದಿನಾ ಬೆಳಿಗ್ಗೆ ಬಂದು ಎದುರಿಗೆ ಕೂರುತ್ತಾರೆ ಎಂದರೆ ಮಕ್ಕಳು ಹೊತ್ತಿಗೆ ಸರಿಯಾಗಿ ಬರುತ್ತಾರೆ, ಶಿಕ್ಷಕರೂ ಬರುತ್ತಾರೆ. ಅಂಕ ಏರಿಸಿದ್ದು ಧ್ಯಾನವೋ ನಿಮ್ಮ ಹಾಜರಿಯೋ? ಅಮೆರಿಕದ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ಬೆಳಕು, ವಿರಾಮ, ಕೆಲಸದ ಹೊತ್ತು ಹೀಗೆ ಒಂದೊಂದನ್ನೇ ಬದಲಾಯಿಸಿ ನೋಡಿದ ಅಧ್ಯಯನಗಳಿಂದಾಗಿ, ‘ನಮ್ಮನ್ನು ಯಾರೋ ಗಮನಿಸುತ್ತಿದ್ದಾರೆ’ ಎಂಬುದರಿಂದಲೇ ನಡವಳಿಕೆ ಬದಲಾಗುವುದಕ್ಕೆ ಆ ಕಾರ್ಖಾನೆಯ ಹೆಸರೇ ಅಂಟಿಕೊಂಡಿತು. ಆ ಕಾರ್ಖಾನೆಯ ಅಂಕಿಅಂಶಗಳ ಬಗ್ಗೆ ಆಮೇಲೆ ಸಾಕಷ್ಟು ತಕರಾರು ಎದ್ದಿವೆ, ಆದರೆ ಎಚ್ಚರಿಕೆ ಎಚ್ಚರಿಕೆಯೇ. ‘ಎ’ ವಿಭಾಗದ ಮುಂದೆಯೂ ಹತ್ತು ನಿಮಿಷ ಕೂತು ದಿನಪತ್ರಿಕೆ ಓದಿಸಿದ್ದರೆ ಈ ಗೊಂದಲ ಅರ್ಧ ಬಗೆಹರಿಯುತ್ತಿತ್ತು.

ಅರೆ ಪ್ರಯೋಗ ಎಂದ ಮಾತ್ರಕ್ಕೆ ಕೈಲಾಗದ್ದು ಎಂದು ತಿಳಿಯಬೇಡಿ. ನಿಮ್ಮ ಜಿಲ್ಲೆಯದೇ ಉದಾಹರಣೆ ಇದೆ. 2021ರ ಡಿಸೆಂಬರ್‌ನಲ್ಲಿ ಯಾದಗಿರಿ, ಕಲಬುರಗಿ, ಬೀದರ್ ಮೊದಲಾದ ಜಿಲ್ಲೆಗಳ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಶುರು ಮಾಡಿದರು, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಆಗ ನಡೆದ ಗದ್ದಲ ನಿಮಗೆ ನೆನಪಿರುತ್ತದೆ. ಗದಗ ಜಿಲ್ಲೆಯ ಮಕ್ಕಳಿಗೆ ಆಗಿನ್ನೂ ಕೊಡುತ್ತಿರಲಿಲ್ಲ. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಯಾದಗಿರಿಯ ಮಕ್ಕಳನ್ನೂ ಗದಗದ ಮಕ್ಕಳನ್ನೂ ತೂಗಿ, ಅಳೆದು ಹೋಲಿಸಿದರು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ಇದು ಮನಶ್ಶಾಸ್ತ್ರವಲ್ಲ, ಪೌಷ್ಟಿಕತೆಯ ಅಧ್ಯಯನ. ಮೊಟ್ಟೆ ಕೊಟ್ಟದ್ದು ಸರ್ಕಾರವಾದ್ದರಿಂದ ಇದನ್ನು ಸಹಜ ಪ್ರಯೋಗ ಎಂದೂ ಕರೆಯಬಹುದು. ಆದರೆ ರಚನೆ ನಿಮ್ಮದರಂಥದ್ದೇ: ಚೀಟಿ ಎತ್ತಿಲ್ಲ, ಜಿಲ್ಲೆಗಳು ಮೊದಲೇ ಇದ್ದವು. ಯಾದಗಿರಿಯೂ ಗದಗವೂ ಎಷ್ಟೋ ವಿಷಯಗಳಲ್ಲಿ ಬೇರೆ. ಆದ್ದರಿಂದಲೇ ‘ಈಗ ಯಾರು ಹೆಚ್ಚು ತೂಗುತ್ತಾರೆ’ ಎಂದು ಕೇಳುವುದಕ್ಕಿಂತ ‘ಮುಂಚೆ ಎಷ್ಟಿದ್ದರು, ಈಗ ಎಷ್ಟಾದರು’ ಎಂದು ಎರಡೂ ಕಡೆ ಕೇಳುವುದು ಮೇಲು. ನಿಮ್ಮ ಬಳಿ ಎರಡೂ ವಿಭಾಗಗಳ ಅರ್ಧವಾರ್ಷಿಕದ ಅಂಕಪಟ್ಟಿ ಇದ್ದೇ ಇರುತ್ತದೆ. ಎರಡರ ಏರಿಕೆಯನ್ನೂ ಅಕ್ಕಪಕ್ಕ ಹಾಕಿ, ವಿಭಾಗಗಳನ್ನು ಹೇಗೆ ಹಂಚಿದ್ದರು ಎಂಬುದನ್ನು ಮೊದಲ ಪ್ಯಾರಾದಲ್ಲೇ ಬರೆಯಿರಿ. ಓದುವವರು ತೂಗಿ ನೋಡಲಿ.

ಮೊಬೈಲ್‌ನಲ್ಲಿ ‘ಹತ್ತು ಪ್ರಶ್ನೆಗೆ ಉತ್ತರಿಸಿ, ನಿಮ್ಮ ವ್ಯಕ್ತಿತ್ವ ತಿಳಿಯಿರಿ’ ಎಂದು ಬರುತ್ತದಲ್ಲ, ಅದು ಮನಶ್ಶಾಸ್ತ್ರದ ಪ್ರಯೋಗವೇ?
– ಓದುಗ, ಬಸವಕಲ್ಯಾಣ

ಅಲ್ಲ. ಅಲ್ಲಿ ಏನನ್ನೂ ಬದಲಾಯಿಸಿ ನೋಡುತ್ತಿಲ್ಲ. ನಿಮ್ಮ ಫೋನ್ ನಂಬರ್ ಕೇಳಿದರೆ ಅದು ವ್ಯಾಪಾರ.

ಮೇಡಂ, ನನ್ನದು ಒಕ್ಕಲುತನ. ತೊಗರಿ ರಾಶಿಯಾಗಿ ದುಡ್ಡು ಕೈಗೆ ಬರುವ ಮುಂಚಿನ ಎರಡು ಮೂರು ತಿಂಗಳು ನನ್ನ ತಲೆ ನೆಟ್ಟಗೆ ಓಡುವುದಿಲ್ಲ. ಮಗನ ಲೆಕ್ಕ ಹೇಳಿಕೊಡಲು ಹೋಗಿ ತಪ್ಪುತ್ತೇನೆ, ಇಟ್ಟ ವಸ್ತು ಮರೆಯುತ್ತೇನೆ. ರಾಶಿಯಾದ ಮೇಲೆ ಸರಿಹೋಗುತ್ತೇನೆ. ಇದು ನನ್ನ ಭ್ರಮೆಯೋ, ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದಾರೆಯೋ?
– ರೈತ, ಆಳಂದ ತಾಲ್ಲೂಕು

ಭ್ರಮೆಯಲ್ಲ ಅಣ್ಣಾ. ಪರೀಕ್ಷೆ ಮಾಡಿ ನೋಡಿದ್ದಾರೆ, ಅದೂ ನಮ್ಮ ಪಕ್ಕದ ತಮಿಳುನಾಡಿನಲ್ಲಿ. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡರ್ ಶಫೀರ್ ಮತ್ತು ಜಿಯಾಯಿಂಗ್ ಝಾವೋ ಎಂಬ ನಾಲ್ವರು 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ, ಕಟಾವಿನ ಹಣ ಬಂದ ಮೇಲೆ, ಹೀಗೆ ಎರಡು ಬಾರಿ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಆಕೃತಿಗಳ ಸಾಲಿನಲ್ಲಿ ಬಿಟ್ಟುಹೋದದ್ದನ್ನು ಹುಡುಕುವುದು, ಕಣ್ಣು ಹೇಳುವುದನ್ನು ತಡೆದು ಬೇರೆ ಉತ್ತರ ಹೇಳುವುದು, ಇಂಥ ಓದು ಬೇಡದ ಪರೀಕ್ಷೆಗಳು. ಅದೇ ಮನುಷ್ಯ ಕೈ ಖಾಲಿಯಿದ್ದಾಗ ಕಡಿಮೆ ಅಂಕ ಪಡೆದ, ಕೈಯಲ್ಲಿ ಹಣವಿದ್ದಾಗ ಹೆಚ್ಚು. ಕಟಾವಿಗೆ ಮುಂಚೆ ಅವರಲ್ಲಿ ಒಡವೆ, ವಸ್ತು ಗಿರವಿ ಇಟ್ಟವರೂ ಹೆಚ್ಚಿದ್ದರು. ದಡ್ಡತನದಿಂದ ಬಡತನ ಬಂತು ಎಂದು ಉಪದೇಶ ಮಾಡುವವರಿಗೆ ಈ ಅಧ್ಯಯನ ತೋರಿಸಬೇಕು. ಸಾಲದ ಚಿಂತೆ ತಲೆಯೊಳಗೆ ಜಾಗ ಹಿಡಿದು ಕೂತಿರುವಾಗ ಮಗನ ಲೆಕ್ಕಕ್ಕೆ ಜಾಗ ಎಲ್ಲಿಂದ ಬರಬೇಕು?

ಇದನ್ನು ಅವರು ತೊಗರಿ ಬೆಳೆಗಾರರಲ್ಲಿ ಮಾಡದೆ ಕಬ್ಬಿನವರಲ್ಲಿ ಮಾಡಿದ್ದರಲ್ಲಿ ಜಾಣತನವಿದೆ, ಒಕ್ಕಲಿಗರಾದ ನಿಮಗೆ ಅದು ಬೇಗ ಹೊಳೆಯುತ್ತದೆ. ನಮ್ಮ ಕಡೆ ತೊಗರಿ ಹೆಚ್ಚುಕಡಿಮೆ ಡಿಸೆಂಬರ್–ಜನವರಿಯಲ್ಲೇ ಎಲ್ಲರ ಹೊಲದಲ್ಲೂ ರಾಶಿಗೆ ಬರುತ್ತದೆ. ಆ ಹೊತ್ತಿಗೆ ಚಳಿ, ಎಳ್ಳಮಾವಾಸ್ಯೆಯ ಭಜ್ಜಿ–ರೊಟ್ಟಿ, ಸಂಕ್ರಾಂತಿ, ಬಂದು ಹೋಗುವ ನೆಂಟರು. ರಾಶಿಯಾದ ಮೇಲೆ ನಿಮ್ಮ ತಲೆ ಓಡುವುದು ಹಣದಿಂದಲೋ ಹಬ್ಬದಿಂದಲೋ ಹವೆಯಿಂದಲೋ ಬಿಡಿಸಿ ಹೇಳುವುದು ಕಷ್ಟ. ಕಬ್ಬಿನಲ್ಲಿ ಹಾಗಲ್ಲ. ಕಾರ್ಖಾನೆ ಎಲ್ಲರ ಕಬ್ಬನ್ನೂ ಒಮ್ಮೆಗೇ ಅರೆಯಲಾರದು. ಒಬ್ಬರ ಸರದಿ ಒಂದು ತಿಂಗಳು, ಪಕ್ಕದ ಹೊಲದವರದು ಮತ್ತೊಂದು ತಿಂಗಳು. ಅದೇ ತಿಂಗಳಲ್ಲಿ, ಅದೇ ಹವೆಯಲ್ಲಿ, ಒಬ್ಬನ ಕೈಯಲ್ಲಿ ಹಣವಿದೆ, ಇನ್ನೊಬ್ಬನ ಕೈಯಲ್ಲಿ ಇಲ್ಲ. ಸಂಶೋಧಕರು ಎತ್ತಬೇಕಾದ ಚೀಟಿಯನ್ನು ಹೆಚ್ಚುಕಡಿಮೆ ಕಾರ್ಖಾನೆಯೇ ಎತ್ತಿಕೊಟ್ಟಿತು. ಮೊದಲ ಪತ್ರದ ಉತ್ತರದಲ್ಲಿ ಸಹಜ ಪ್ರಯೋಗ ಎಂದದ್ದು ಇಂಥದ್ದನ್ನೇ.

ಎರಡನೆಯ ಸಲ ಅದೇ ಪರೀಕ್ಷೆ ಬರೆದರೆ ರೂಢಿಯಿಂದಲೇ ಅಂಕ ಹೆಚ್ಚಾಗುವುದಿಲ್ಲವೇ ಎಂದು ಕೇಳುವವರಿಗೂ ಅವರು ಉತ್ತರ ಇಟ್ಟುಕೊಂಡಿದ್ದರು. ಕೆಲವು ರೈತರನ್ನು ಕಟಾವಿನ ನಂತರವೇ ಮೊದಲ ಬಾರಿಗೆ ಕೂರಿಸಿದ್ದರು. ಅವರ ಅಂಕವೂ, ಕಟಾವಿಗೆ ಮುಂಚೆ ಮೊದಲ ಬಾರಿ ಕೂತವರ ಅಂಕಕ್ಕಿಂತ ಮೇಲಿತ್ತು.

ನನ್ನ ಸಲಹೆ ಇಷ್ಟೇ. ಬೀಜ, ಟ್ರ್ಯಾಕ್ಟರ್, ಸಾಲದ ಪತ್ರ, ಮಗಳ ಮದುವೆ ಇಂಥ ದೊಡ್ಡ ತೀರ್ಮಾನಗಳನ್ನು ಆಗುವಷ್ಟು ಮಟ್ಟಿಗೆ ರಾಶಿಯ ನಂತರಕ್ಕೆ ಇಟ್ಟುಕೊಳ್ಳಿ. ಮುಂಚೆಯೇ ಸಹಿ ಹಾಕಲೇಬೇಕಾಗಿ ಬಂದರೆ ಮನೆಯಾಕೆಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ. ಮರೆವು ರಾಶಿಯ ನಂತರವೂ ಹಾಗೆಯೇ ಉಳಿದರೆ ವೈದ್ಯರಿಗೆ ತೋರಿಸಿ, ಅದಕ್ಕೆ ನನ್ನ ಅಂಕಣ ಸಾಲದು.

ಸೂಪರ್ ಮಾರ್ಕೆಟ್ ಹತ್ತಿರ ನಮ್ಮ ಬಟ್ಟೆ ಅಂಗಡಿ ಇದೆ. ಮೇ ತಿಂಗಳು ಬಂತೆಂದರೆ ಗಿರಾಕಿಗಳೂ ಸಿಡುಕು, ನಮ್ಮ ಹುಡುಗರೂ ಸಿಡುಕು. ಬಿಸಿಲಿಗೆ ಸಿಟ್ಟು ಬರುತ್ತದೆ ಎಂಬುದು ಶಾಸ್ತ್ರೀಯವೇ? ದೊಡ್ಡ ಕೂಲರ್ ಹಾಕಿಸಿದರೆ ಪ್ರಯೋಜನವಾಗುತ್ತದೆಯೇ?
– ಅಂಗಡಿ ಮಾಲೀಕ, ಕಲಬುರಗಿ

ಸಾಹುಕಾರರೇ, ಅಮೆರಿಕದಲ್ಲಿ ಫೀನಿಕ್ಸ್ ಎಂಬ ಊರಿದೆ. ಬಿಸಿಲಿನ ವಿಷಯದಲ್ಲಿ ನಮಗೆ ಅಣ್ಣನೇ ಹೊರತು ತಮ್ಮನಲ್ಲ. ಅಲ್ಲಿ ಕೆನ್ರಿಕ್ ಮತ್ತು ಮ್ಯಾಕ್‌ಫರ್ಲೇನ್ ಎಂಬುವರು ಒಂದು ಕ್ಷೇತ್ರ ಪ್ರಯೋಗ ಮಾಡಿ 1986ರಲ್ಲಿ ಪ್ರಕಟಿಸಿದರು. ಒಂದೇ ಸಾಲಿನ ರಸ್ತೆಯ ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂದರೂ ಅವರ ಕಾರು ಕದಲುವುದಿಲ್ಲ. ಹಿಂದಿನವನು ಎಷ್ಟು ಬೇಗ, ಎಷ್ಟು ಹೊತ್ತು ಹಾರ್ನ್ ಒತ್ತುತ್ತಾನೆ ಎಂದು ಲೆಕ್ಕ. ಬಿಸಿಲು ಏರಿದಂತೆ ಹಾರ್ನ್ ಏರಿತು. ಕಿಟಕಿ ಇಳಿಸಿಕೊಂಡು ಕೂತವರಲ್ಲಿ, ಅಂದರೆ ತಂಪು ಯಂತ್ರವಿಲ್ಲದವರಲ್ಲಿ, ಈ ಏರಿಕೆ ಇನ್ನೂ ಜೋರಾಗಿತ್ತು. ನಮ್ಮ ಜಗತ್ ಸರ್ಕಲ್‌ನಲ್ಲಿ ಈ ಪ್ರಯೋಗ ನಡೆಯುವಂತಿಲ್ಲ. ನಮ್ಮವರು ದೀಪ ಕೆಂಪಿರುವಾಗಲೇ ಹಾರ್ನ್ ಶುರು ಮಾಡುತ್ತಾರೆ.

ಆದರೆ ಫೀನಿಕ್ಸ್‌ನವರೂ ಬಿಸಿಲನ್ನು ತಾವು ಹಂಚಲಿಲ್ಲ ಎಂಬುದನ್ನು ಗಮನಿಸಿ. ಕಾರು ನಿಲ್ಲಿಸಿದ್ದು ಅವರು, ಉಷ್ಣತೆ ಸೂರ್ಯನದು. ಬಿಸಿಲು ಹೆಚ್ಚಿದ ದಿನ ಬೇರೆ ಏನೇನು ಬದಲಾಗುತ್ತದೆ ಎಂಬ ಪ್ರಶ್ನೆ ಅಲ್ಲಿ ಹಾಗೆಯೇ ಉಳಿಯಿತು. ನಿಮ್ಮ ಅಂಗಡಿಯ ಮೇ ತಿಂಗಳನ್ನೇ ನೋಡಿ. ಬಿಸಿಲಷ್ಟೇ ಅಲ್ಲ, ಮದುವೆಯ ಸೀಜನ್, ಜನಜಂಗುಳಿ, ಕರೆಂಟ್ ಹೋಗುವುದು, ಶಾಲೆಗೆ ರಜೆಯೆಂದು ಜೊತೆಗೆ ಬಂದ ಮಕ್ಕಳ ಗಲಾಟೆ. ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೇಸಿಗೆಯಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ತೆರೆಯುವುದರಿಂದ ನೌಕರರೆಲ್ಲ ಊಟ ಮುಗಿಸಿ ಮಲಗಿ ಎದ್ದು ಸಂಜೆ ಒಂದೇ ಹೊತ್ತಿಗೆ ನಿಮ್ಮ ಅಂಗಡಿಗೆ ನುಗ್ಗುತ್ತಾರೆ. ಸಿಡುಕು ಯಾವುದರದು?

ಕೂಲರ್ ನಿಮ್ಮ ಕೈಯಲ್ಲಿದೆ, ಅದೇ ನಿಮ್ಮ ಅನುಕೂಲ. ಈಗಲೇ ದೊಡ್ಡದನ್ನು ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ದಿನಾ ಬೆಳಿಗ್ಗೆ ಬಾಗಿಲು ತೆಗೆಯುವಾಗ ನಾಣ್ಯ ಚಿಮ್ಮಿಸಿ, ರಾಜಮುದ್ರೆ ಬಿದ್ದ ದಿನ ಹಚ್ಚಿ, ಇಲ್ಲದ ದಿನ ಬೇಡ. ‘ಇವತ್ತು ಬಹಳ ಸೆಕೆ, ಹಚ್ಚಿಬಿಡೋಣ’ ಎಂದು ನಡುವೆ ಕೈಹಾಕಿದರೆ ಕೆಟ್ಟಿತು. ಕೂಲರ್ ಇದ್ದ ದಿನಗಳೆಲ್ಲ ಹೆಚ್ಚು ಸೆಕೆಯ ದಿನಗಳೇ ಆಗಿಬಿಡುತ್ತವೆ. ಏನನ್ನು ಎಣಿಸುತ್ತೀರಿ ಎಂಬುದನ್ನೂ ಮೊದಲೇ ಗೊತ್ತು ಮಾಡಿಕೊಳ್ಳಿ. ‘ಸಿಡುಕು’ ಎಂದರೆ ಒಬ್ಬೊಬ್ಬರ ಕಣ್ಣಿಗೆ ಒಂದೊಂದು. ಬಟ್ಟೆ ಬಿಚ್ಚಿಸಿ ನೋಡಿ ಏನೂ ಕೊಳ್ಳದೆ ಎದ್ದು ಹೋದವರು ಎಷ್ಟು, ದನಿ ಏರಿಸಿದ ಜಗಳ ಎಷ್ಟು ಎಂದು ಗಲ್ಲಾಪೆಟ್ಟಿಗೆಯ ಪಕ್ಕದ ವಹಿಯಲ್ಲಿ ಗೀಟು ಹಾಕಿಸಿ. ಏತಕ್ಕೆ ಎಣಿಸುತ್ತಿದ್ದೇವೆ ಎಂದು ಗೀಟು ಹಾಕುವ ಹುಡುಗನಿಗೆ ಹೇಳಬೇಡಿ, ಹೇಳಿದರೆ ನಿಮ್ಮನ್ನು ಮೆಚ್ಚಿಸಲು ಗೀಟು ಬೀಳುತ್ತವೆ. ಅವನನ್ನು ಹಿಂಬಾಗಿಲ ಹತ್ತಿರ ಕೂರಿಸಿದರೂ ಕೂಲರ್ ಗಾಳಿ ಅವನಿಗೆ ಗೊತ್ತಾಗೇ ಆಗುತ್ತದೆ, ಅದನ್ನು ತಪ್ಪಿಸಲು ನನಗೂ ದಾರಿ ಕಾಣುತ್ತಿಲ್ಲ. ಒಂದು ತಿಂಗಳು ಮಾಡಿ. ವ್ಯತ್ಯಾಸ ಕಾಣದಿದ್ದರೆ ಆ ಹಣದಲ್ಲಿ ಇನ್ನೊಬ್ಬ ಹುಡುಗನನ್ನು ಕೆಲಸಕ್ಕೆ ಇಟ್ಟುಕೊಳ್ಳಿ.

ನನ್ನ ಮಗಳು ಪದವಿ ಓದುತ್ತಾ ಹಾಸ್ಟೆಲಿನಲ್ಲಿದ್ದಾಳೆ. ಸಂಶೋಧನೆ ಎಂದು ಹೇಳಿ ಯಾರೋ ಒಂದು ಪರೀಕ್ಷೆ ಕೊಟ್ಟರಂತೆ. ಮುಗಿದ ಮೇಲೆ ‘ನಿನ್ನ ಬುದ್ಧಿಮಟ್ಟ ತೀರ ಕಡಿಮೆ’ ಎಂದರಂತೆ. ಮಗಳು ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ, ಅದು ಸುಳ್ಳು, ಬೈಸಿಕೊಂಡವರು ಹೇಗೆ ವರ್ತಿಸುತ್ತಾರೆ ಎಂದು ನೋಡುವ ಪ್ರಯೋಗ ಎಂದರಂತೆ. ಪ್ರಯೋಗದ ಹೆಸರಿನಲ್ಲಿ ಹೀಗೆ ಸುಳ್ಳು ಹೇಳಬಹುದೇ?
– ತಾಯಿ, ಭಾಲ್ಕಿ

ಅಕ್ಕಾ, ಸುಳ್ಳು ಹೇಳುವುದು ಮನಶ್ಶಾಸ್ತ್ರದಲ್ಲಿ ಪೂರ್ತಿ ನಿಷಿದ್ಧವಲ್ಲ. ನಿಜ ಹೇಳಿದರೆ ಕೆಲವು ಪ್ರಯೋಗ ನಡೆಯುವುದೇ ಇಲ್ಲ. ರೈಲಿನಲ್ಲಿ ಬಿದ್ದವನು ‘ನಾನು ನಟ’ ಎಂದು ಕೂಗಿದ್ದರೆ ಯಾರು ಏಳುತ್ತಿದ್ದರು? ಆದರೆ ಸುಳ್ಳಿಗೂ ಮಿತಿ ಇದೆ, ನಿಮ್ಮ ಮಗಳ ವಿಷಯದಲ್ಲಿ ಆ ಮಿತಿ ದಾಟಿದ್ದಾರೆ.

ಈ ಮಿತಿಗಳು ಸುಮ್ಮನೆ ಹುಟ್ಟಿದವಲ್ಲ. 1920ರಲ್ಲಿ ವ್ಯಾಟ್ಸನ್ ಮತ್ತು ರೇನರ್ ಒಂದು ಹಸುಗೂಸಿಗೆ ಬಿಳಿ ಇಲಿ ತೋರಿಸುವಾಗಲೆಲ್ಲ ಹಿಂದಿನಿಂದ ಕಬ್ಬಿಣ ಬಡಿದು ಸದ್ದು ಮಾಡಿ ಇಲಿಯನ್ನು ಕಂಡರೇ ಹೆದರುವಂತೆ ಮಾಡಿದರು. ಆ ಹೆದರಿಕೆಯನ್ನು ಬಿಡಿಸದೆಯೇ ಕೂಸನ್ನು ಕಳುಹಿಸಿಕೊಟ್ಟರು. ಪಠ್ಯಪುಸ್ತಕಗಳು ಇದನ್ನು ಪ್ರಸಿದ್ಧ ಪ್ರಯೋಗ ಎನ್ನುತ್ತವೆ. ಒಂದೇ ಕೂಸು, ಹೋಲಿಕೆಗೆ ಇನ್ನೊಂದಿಲ್ಲ, ನನ್ನ ಲೆಕ್ಕದಲ್ಲಿ ಅದು ಪ್ರಯೋಗವಾಗಿಯೂ ಸೋತದ್ದು. ಸ್ಟ್ಯಾನ್ಲಿ ಮಿಲ್‌ಗ್ರಮ್ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇನ್ನೊಬ್ಬನಿಗೆ ವಿದ್ಯುತ್ ಆಘಾತ ಕೊಡುತ್ತಿದ್ದೇವೆ ಎಂದು ನಂಬಿದ 40 ಗಂಡಸರಲ್ಲಿ 26 ಮಂದಿ, ಹೇಳಿದವರ ಮಾತಿಗೆ ಕಟ್ಟುಬಿದ್ದು 450 ವೋಲ್ಟ್‌ವರೆಗೆ ಒತ್ತಿದರು. ಆಘಾತ ಸುಳ್ಳು, ಅವರು ಬೆವರಿದ್ದು, ನಡುಗಿದ್ದು ನಿಜ. 1971ರಲ್ಲಿ ಫಿಲಿಪ್ ಜಿಂಬಾರ್ಡೊ ಒಂದು ನಕಲಿ ಜೈಲು ಕಟ್ಟಿ, ಯುವಕರನ್ನು ನಾಣ್ಯ ಚಿಮ್ಮಿಸಿ ಕಾವಲುಗಾರರು, ಕೈದಿಗಳು ಎಂದು ಹಂಚಿದರು. ಹಂಚಿಕೆ ಸರಿಯಿತ್ತು. ಆದರೆ ಸಂಶೋಧಕರೇ ಜೈಲಿನ ಅಧೀಕ್ಷಕರಾಗಿ ಕೂತರು, ನಿಲ್ಲಿಸಿ ಎನ್ನಬೇಕಾದವರು ನಾಟಕದೊಳಗೇ ಸೇರಿಕೊಂಡರು. ಎರಡು ವಾರದ ಯೋಜನೆ 6 ದಿನಕ್ಕೆ ನಿಂತಿತು.

ಇಂಥವೆಲ್ಲ ಆದ ಮೇಲೆ ಈಗಿರುವ ಕಟ್ಟುಪಾಡು ಹೀಗಿದೆ. ಪ್ರಯೋಗಕ್ಕೆ ಮುಂಚೆ ಸಂಸ್ಥೆಯ ನೈತಿಕ ಸಮಿತಿ ಒಪ್ಪಬೇಕು. ಭಾಗವಹಿಸುವವರು ತಿಳಿದು ಸಮ್ಮತಿಸಬೇಕು, ಬೇಡವೆನಿಸಿದರೆ ಯಾವ ಹೊತ್ತಿನಲ್ಲೂ ಎದ್ದು ಹೋಗಬಹುದು. ಏನನ್ನಾದರೂ ಮುಚ್ಚಿಟ್ಟಿದ್ದರೆ ಮುಗಿದ ಕೂಡಲೇ ಕೂರಿಸಿಕೊಂಡು ನಿಜ ಹೇಳಬೇಕು, ನೊಂದಿದ್ದರೆ ಸಮಾಧಾನಪಡಿಸಿ ಕಳುಹಿಸಬೇಕು. ಎರಡು ದಿನ ತಡ ಮಾಡಿ ಹೇಳುವುದಕ್ಕೆ ಯಾವ ಸಬೂಬೂ ಇಲ್ಲ.

ಮಗಳಿಗೆ ಮೊದಲು ಹೇಳಬೇಕಾದದ್ದು: ಆ ಅಂಕ ಅವಳದಲ್ಲ. ಯಾರಿಗೆ ‘ಕಡಿಮೆ’ ಎನ್ನಬೇಕೆಂದು ಮೊದಲೇ ಚೀಟಿ ಎತ್ತಿಟ್ಟಿರುತ್ತಾರೆ, ಉತ್ತರಪತ್ರಿಕೆಯನ್ನು ನೋಡಿಯೇ ಇರುವುದಿಲ್ಲ. ಪಕ್ಕದ ಕೋಣೆಯ ಹುಡುಗಿಗೆ ‘ನೀನು ಬಹಳ ಬುದ್ಧಿವಂತೆ’ ಎಂದಿದ್ದರೆ ಅದೂ ಅಷ್ಟೇ ಸುಳ್ಳು.

ಆಮೇಲೆ ಸಹಿ ಮಾಡಿಸಿಕೊಂಡ ಸಮ್ಮತಿ ಪತ್ರದ ಪ್ರತಿಯನ್ನು ಅವಳು ಕೇಳಿ ಪಡೆಯಲಿ. ಅದರಲ್ಲಿ ಸಂಶೋಧಕರ ಮತ್ತು ಮಾರ್ಗದರ್ಶಕರ ಹೆಸರು, ದೂರವಾಣಿ ಸಂಖ್ಯೆ, ನೈತಿಕ ಸಮಿತಿಯ ಒಪ್ಪಿಗೆಯ ವಿವರ ಇರಬೇಕು. ತನ್ನ ಉತ್ತರಗಳನ್ನು ಅಧ್ಯಯನದಿಂದ ತೆಗೆದುಹಾಕಿ ಎಂದು ಬರೆದುಕೊಡಲಿ, ಕಾರಣ ಕೊಡಬೇಕಾಗಿಲ್ಲ. ಸಮ್ಮತಿ ಪತ್ರವೇ ಇರಲಿಲ್ಲ ಎಂದಾದರೆ ನೀವೇ ಪ್ರಾಂಶುಪಾಲರಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.